ಮರಳಿ ಅರಳುವ ವಯಸ್ಸು

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟರೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ತ್ಯಾವರೆಕೊಪ್ಪದ ಹುಲಿ–ಸಿಂಹ ಧಾಮ ಸಿಗುತ್ತದೆ. 1988ರಲ್ಲಿ ಆರಂಭವಾದ ಈ ಧಾಮಕ್ಕೆ ಬರುವವರಲ್ಲಿ ಹೆಚ್ಚಿನವರು ಗರ್ಜಿಸುವ ಸಿಂಹವನ್ನೋ ನೆಗೆಯುವ ಹುಲಿಯನ್ನೋ ಕಾಣುವ ಆಸೆಯಿಂದ ಬರುತ್ತಾರೆ. ಹಲವು ಸಲ ಅವರ ಕಣ್ಣಿಗೆ ಬೀಳುವುದು ಮರದ ನೆರಳಿನಲ್ಲಿ ಮೈಚಾಚಿ ಮಲಗಿದ, ವಾಹನದ ಸದ್ದಿಗೆ ಕಿವಿಯನ್ನೂ ಅಲುಗಿಸದ ಪ್ರಾಣಿ. ಮಕ್ಕಳಿಗೆ ನಿರಾಶೆಯಾಗುತ್ತದೆ. ಆದರೆ ಅಲ್ಲಿ ಮಲಗಿರುವುದು ಕೆಲವೊಮ್ಮೆ ಕಾಡಿನಲ್ಲಿ ಯಾರೂ ಕಾಣಲಾಗದ ಒಂದು ವಿಸ್ಮಯ: ವಯಸ್ಸಾದ ಹುಲಿ. ಹದಿನೇಳರ ಆಸುಪಾಸಿನ ಹುಲಿಗಳು ತ್ಯಾವರೆಕೊಪ್ಪದಲ್ಲಿ ವಯೋಸಹಜವಾಗಿ ಕೊನೆಯುಸಿರೆಳೆದ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಆಗೀಗ ಬಂದುಹೋಗಿದೆ. ಓದಿದವರು ಒಂದು ಕ್ಷಣ ಮರುಗಿ ಪುಟ ತಿರುವಿರುತ್ತಾರೆ. ‘ವಯೋಸಹಜ’ ಎಂಬ ಪದದ ಬಗ್ಗೆ ಯೋಚಿಸಿದವರು ಕಡಿಮೆ.

ಕಾಡಿನ ಹುಲಿಗೆ ವಯೋಸಹಜ ಸಾವು ಬರುವುದು ಅಪರೂಪ. ಅಲ್ಲಿ ಹನ್ನೆರಡು ದಾಟಿದ ಹುಲಿಯೇ ಹಿರಿಯ ಹುಲಿ. ಹದಿನೈದು ಮುಟ್ಟಿದ್ದು ಅದೃಷ್ಟವಂತ ಹುಲಿ. ಕೋರೆಹಲ್ಲು ಸವೆದರೆ, ಕಾಲಿಗೆ ಮುಳ್ಳುಹಂದಿಯ ಮುಳ್ಳು ಚುಚ್ಚಿ ಕೀವುಗಟ್ಟಿದರೆ ಬೇಟೆ ತಪ್ಪುತ್ತದೆ. ಬೇಟೆ ತಪ್ಪಿದ ಹುಲಿಯನ್ನು ಎಳೆಯ ಗಂಡು ಹುಲಿಯೊಂದು ಬಂದು ಅದರ ಸೀಮೆಯಿಂದಾಚೆಗೆ ಅಟ್ಟುತ್ತದೆ. ಆಮೇಲೆ ಉಳಿಯುವುದು ಕಾಡಂಚಿನ ದನಕರು, ಜನರ ಸಿಟ್ಟು ಮತ್ತು ಹಸಿವು. ಒಂಟಿಯಾಗಿ ಬದುಕುವ ಪ್ರಾಣಿಗೆ ಶಕ್ತಿ ಕುಂದಿದ ಮರುಗಳಿಗೆಯೇ ಅಂತ್ಯ ಶುರುವಾಗುತ್ತದೆ. ಶಕ್ತಿ ಕುಂದುವುದಕ್ಕೂ ಸಾವಿಗೂ ನಡುವೆ ಒಂದಿಷ್ಟು ವರ್ಷಗಳ ನೆಮ್ಮದಿಯ ಅವಧಿ ಬೇಕೆಂದರೆ ಬೇರೆ ಯಾರೋ ಆಹಾರ ಕೊಡಬೇಕು, ಗಾಯಕ್ಕೆ ಮದ್ದು ಹಾಕಬೇಕು, ಎದುರಾಳಿಯಿಂದ ಕಾಯಬೇಕು. ಆ ಅವಧಿಗೆ ನಾವು ಇಟ್ಟಿರುವ ಹೆಸರು ಮುಪ್ಪು. ಹೀಗೆ ನೋಡಿದರೆ ಮುಪ್ಪು ನಿಸರ್ಗ ವಿಧಿಸಿದ ಶಿಕ್ಷೆಯಲ್ಲ. ಕೂಡಿ ಬಾಳುವುದನ್ನು ಕಲಿತ ಸಮಾಜದ ಗಳಿಕೆ. ಕಾಡು ಕೊಡದ ಮುಪ್ಪನ್ನು ನಾಡು ಕೊಟ್ಟಿದೆ.

ಈ ಗಳಿಕೆ ಎಷ್ಟು ಈಚಿನದು ಎಂಬುದನ್ನೂ ನಾವು ಮರೆಯುತ್ತೇವೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಅದು ಸುಮಾರು 70. ಸಿಡುಬು, ಪ್ಲೇಗು, ಮಲೇರಿಯಾ, ಬಾಣಂತಿಯರ ಮತ್ತು ಹಸುಗೂಸುಗಳ ಸಾವು ಇವುಗಳೊಂದಿಗೆ ಮೂರು ತಲೆಮಾರು ಹೋರಾಡಿ ಗೆದ್ದದ್ದರ ಫಲವಿದು. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಲೇರಿಯಾದಿಂದ ಊರಿಗೆ ಊರೇ ಬರಿದಾದ ಕಥೆಗಳು ಇಲ್ಲಿನ ಹಳೆಯ ಮನೆಗಳಲ್ಲಿ ಇಂದಿಗೂ ಜೀವಂತವಾಗಿವೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ 2050ರ ವೇಳೆಗೆ ಅವರ ಸಂಖ್ಯೆ ಸುಮಾರು 35 ಕೋಟಿಗೆ, ಅಂದರೆ ಐವರಲ್ಲಿ ಒಬ್ಬರಿಗೆ, ಏರಲಿದೆ.

ಇಂಥ ಅಂಕಿಗಳು ಪ್ರಕಟವಾದಾಗಲೆಲ್ಲ ಅವುಗಳ ಜೊತೆಗೆ ‘ಹೊರೆ’ ಎಂಬ ಮಾತೂ ಬರುತ್ತದೆ. ಅರ್ಥಶಾಸ್ತ್ರದಲ್ಲಿ ಅವಲಂಬನೆಯ ಅನುಪಾತ ಎಂಬ ಒಂದು ಲೆಕ್ಕವಿದೆ. ದುಡಿಯುವ ವಯಸ್ಸಿನ ನೂರು ಜನರಿಗೆ ಎಷ್ಟು ಮಕ್ಕಳು, ಎಷ್ಟು ಮುದುಕರು ಆತುಕೊಂಡಿದ್ದಾರೆ ಎಂಬುದರ ಎಣಿಕೆ ಅದು. ನಮ್ಮಲ್ಲಿ ಅರವತ್ತು ತುಂಬಿದ ಮರುದಿನವೇ ಮನುಷ್ಯನನ್ನು ಗಳಿಸುವವರ ಸಾಲಿನಿಂದ ತೆಗೆದು ಅವಲಂಬಿತರ ಸಾಲಿಗೆ ಬರೆಯುವುದು ರೂಢಿ. ಆ ಗೆರೆಯಲ್ಲಿ ಪವಿತ್ರವಾದದ್ದೇನೂ ಇಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ವೃದ್ಧಾಪ್ಯ ಪಿಂಚಣಿ ತಂದಾಗ ಗೆರೆ 70ರಲ್ಲಿತ್ತು. 1916ರಲ್ಲಿ ಅದು 65ಕ್ಕೆ ಇಳಿಯಿತು. ಕರ್ನಾಟಕದ ಸರ್ಕಾರಿ ನೌಕರರಿಗೆ 58ರಲ್ಲಿದ್ದ ಗೆರೆ 2008ರಲ್ಲಿ 60ಕ್ಕೆ ಸರಿಯಿತು. ಆಡಳಿತದ ಅನುಕೂಲಕ್ಕೆ ಎಳೆದ ಗೆರೆಯನ್ನು ಮನುಷ್ಯನ ಸಾಮರ್ಥ್ಯದ ಗೆರೆ ಎಂದು ಭ್ರಮಿಸಿರುವುದೇ ನಮ್ಮ ತೊಂದರೆ.

ತ್ಯಾವರೆಕೊಪ್ಪಕ್ಕೆ ಕೂಗಳತೆಯಲ್ಲಿಲ್ಲದಿದ್ದರೂ ಶಿವಮೊಗ್ಗದ ಇನ್ನೊಂದು ಮಗ್ಗುಲಿಗೇ ಇರುವ ಭದ್ರಾವತಿಯ ಚರಿತ್ರೆ ಈ ಭ್ರಮೆಗೆ ಒಳ್ಳೆಯ ಮದ್ದು. ಎಂ. ವಿಶ್ವೇಶ್ವರಯ್ಯನವರು ಮುಂಬೈ ಸರ್ಕಾರದ ಸೇವೆಯಿಂದ ಸ್ವಯಂ ನಿವೃತ್ತಿ ಪಡೆದ ನಂತರವೇ 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು. ಕನ್ನಂಬಾಡಿಯೂ ದಿವಾನಗಿರಿಯೂ ಅವರ ನಿವೃತ್ತಿಯ ನಂತರದ ಬದುಕಿಗೆ ಸೇರಿದವು. ದಿವಾನ ಪದವಿಯನ್ನೂ ಬಿಟ್ಟ ಮೇಲೆ, ವಯಸ್ಸು ಅರವತ್ತು ದಾಟಿದಾಗ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರನ್ನು ಕರೆಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಇತ್ತು. ಆದರೆ ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದು ಆರಂಭದಲ್ಲೇ ನಷ್ಟ ಹೆಗಲೇರಿತ್ತು. ಸಂಸ್ಥಾನದ ಹಣವನ್ನು ಬೆಂಕಿಗೆ ಸುರಿಯಲಾಗುತ್ತಿದೆ ಎಂಬ ಟೀಕೆಯ ನಡುವೆ ಅವರು ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ, 1929ರವರೆಗೆ ದುಡಿದು, ಅದನ್ನು ಕಾಲ ಮೇಲೆ ನಿಲ್ಲಿಸಿದರು. ಮುಂದೆ ಕಾರ್ಖಾನೆ ಅವರ ಹೆಸರನ್ನೇ ಹೊತ್ತಿತು. ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಅವರ ಪುಸ್ತಕ ಹೊರಬಂದದ್ದು 1934ರಲ್ಲಿ, ಎಪ್ಪತ್ತು ದಾಟಿದ ಮೇಲೆ. ತೊಂಬತ್ತರ ಆಚೆಗೆ ಬಿಹಾರದ ಮೊಕಾಮದ ಬಳಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ಹೇಳಲು ಸ್ಥಳ ಪರಿಶೀಲನೆಗೆ ಹೋದರು. ಅವಲಂಬನೆಯ ಅನುಪಾತದ ಲೆಕ್ಕದಲ್ಲಿ ಈ ಮೂರೂ ಸಂದರ್ಭಗಳಲ್ಲಿ ಅವರು ಅನ್ಯರ ದುಡಿಮೆಯ ಮೇಲೆ ಬದುಕಿದ್ದ ಒಬ್ಬ ಅವಲಂಬಿತ!

ಅದೇ ಲೆಕ್ಕದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಿಂದ 1960ರಲ್ಲಿ ನಿವೃತ್ತರಾಗಿ 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಪ್ರಕಟಿಸಿದ ಕುವೆಂಪು ಕೂಡ ಅವಲಂಬಿತರೇ. ಸಿವಿಲ್ ಸೇವೆಯಿಂದ 1943ರಲ್ಲಿ ಹೊರಬಂದು, 1956ರಲ್ಲಿ, ಅರವತ್ತೈದರ ಹೊಸ್ತಿಲಲ್ಲಿ, ‘ಚಿಕವೀರ ರಾಜೇಂದ್ರ’ ಕೊಟ್ಟ ಮಾಸ್ತಿಯವರದೂ ಅದೇ ಸಾಲು. ಕಾಲೇಜಿನ ಕೆಲಸದಿಂದ ಬಿಡುಗಡೆಯಾಗಿ ಎಷ್ಟೋ ವರ್ಷಗಳ ನಂತರ, 1991ರಲ್ಲಿ, ‘ಇಗೋ ಕನ್ನಡ’ ಅಂಕಣ ಆರಂಭಿಸಿದಾಗ ಜಿ. ವೆಂಕಟಸುಬ್ಬಯ್ಯನವರಿಗೆ ಎಪ್ಪತ್ತೆಂಟು ತುಂಬುತ್ತಿತ್ತು. ಶಿವಮೊಗ್ಗದ ಮಗ್ಗುಲಿನ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಎಂಬತ್ತೆಂಟು. ಗಮಕಿಯ ಕಂಠ ವಯಸ್ಸಿನೊಂದಿಗೆ ಬಳಲಬಹುದು; ಆದರೆ ಪದ್ಯದ ಯಾವ ಮಾತಿಗೆ ಎಷ್ಟು ನಿಲ್ಲಬೇಕು, ಎಲ್ಲಿ ಅರ್ಥವನ್ನು ಕೇಳುಗರಿಗೇ ಬಿಡಬೇಕು ಎಂಬ ವಿವೇಕ ಬಲಿಯುವುದು ಬಾಳಿನ ಸಂಜೆಯಲ್ಲೇ. ‘ಅರವತ್ತಕ್ಕೆ ಅರಳುಮರಳು’ ಎಂದು ಲೋಕ ಹಂಗಿಸುತ್ತದೆ. ಬೇಂದ್ರೆಯವರು ತಮ್ಮ ಅರವತ್ತರ ನಂತರ ಪ್ರಕಟಿಸಿದ ಸಂಕಲನಕ್ಕೆ ಆ ಹಂಗನ್ನೇ ಹೆಸರಾಗಿ ಇಟ್ಟರು. ಮರಳಿ ಅರಳುವುದು ಎಂಬ ಅರ್ಥ ಆ ಜೋಡುನುಡಿಯಲ್ಲೇ ಅಡಗಿತ್ತು. ಕಾಣುವ ಕಣ್ಣು ಬೇಕಿತ್ತು, ಅಷ್ಟೆ. 1958ರಲ್ಲಿ ‘ಅರಳು ಮರಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇವರೆಲ್ಲ ಅಸಾಮಾನ್ಯರು, ಇವರನ್ನಿಟ್ಟುಕೊಂಡು ಸಾಮಾನ್ಯರ ಮುಪ್ಪನ್ನು ಅಳೆಯಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಸಾಮಾನ್ಯರ ಬಗ್ಗೆ ಅಧ್ಯಯನಗಳು ಏನು ಹೇಳುತ್ತವೆ ಎಂದು ನೋಡಬೇಕು. ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಬುದ್ಧಿಯಲ್ಲಿ ಎರಡು ಬಗೆ ಗುರುತಿಸಿದರು. ಒಂದು, ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಚುರುಕು. ಇನ್ನೊಂದು, ಅನುಭವದಿಂದ ಹೆಪ್ಪುಗಟ್ಟಿದ ತಿಳಿವಳಿಕೆ. ಮೊದಲನೆಯದು ಯೌವನದ ನಂತರ ಇಳಿಯತೊಡಗುತ್ತದೆ. ಎರಡನೆಯದು ಬಹುಕಾಲ ಬೆಳೆಯುತ್ತದೆ ಅಥವಾ ಉಳಿಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ 1956ರಲ್ಲಿ ಆರಂಭಿಸಿ ಅದೇ ಜನರನ್ನು ದಶಕಗಳ ಕಾಲ ಮತ್ತೆ ಮತ್ತೆ ಪರೀಕ್ಷಿಸಿದ ಅಧ್ಯಯನವೂ ಎಲ್ಲ ಸಾಮರ್ಥ್ಯಗಳು ಒಟ್ಟಿಗೆ ಕುಸಿಯುವುದಿಲ್ಲವೆಂದು ತೋರಿಸಿತು. ಹೆಸರು ಥಟ್ಟನೆ ನೆನಪಾಗದಿರುವುದು ನಿಜ. ಎದುರಿಗಿರುವವನು ಎಂಥವನು ಎಂಬ ಅಂದಾಜು ತಪ್ಪದಿರುವುದೂ ನಿಜ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟನ್‌ಸನ್ ಅವರ ಸಂಶೋಧನೆಯ ಸಾರವೂ ಇದಕ್ಕೆ ಹತ್ತಿರ: ಉಳಿದ ಕಾಲ ಕಡಿಮೆ ಎಂದು ಅರಿತಾಗ ಮನುಷ್ಯ ಮುಖ್ಯವಾದ ಕೆಲವರನ್ನು, ಕೆಲವನ್ನು ಆರಿಸಿಕೊಳ್ಳುತ್ತಾನೆ, ಸಣ್ಣಪುಟ್ಟ ಸಿಟ್ಟುಗಳನ್ನು ಬಿಡುತ್ತಾನೆ.

ಗುಂಪಾಗಿ ಬಾಳುವ ಪ್ರಾಣಿಗಳಲ್ಲೂ ಇದಕ್ಕೆ ಸಾಕ್ಷ್ಯವಿದೆ. ಒಂಟಿ ಹುಲಿಗೆ ಇಲ್ಲದ ಮುಪ್ಪು ಆನೆಗೆ ಇದೆ. ಕೀನ್ಯಾದ ಅಂಬೊಸೆಲಿಯ ಕಾಡಾನೆಗಳ ಕುರಿತು 2011ರಲ್ಲಿ ಪ್ರಕಟವಾದ ಕ್ಯಾರೆನ್ ಮೆಕೋಂಬ್ ಮತ್ತು ಸಂಗಡಿಗರ ಅಧ್ಯಯನ ಸ್ವಾರಸ್ಯಕರವಾಗಿದೆ. ಅವರು ಆನೆಗಳ ಹಿಂಡುಗಳಿಗೆ ಸಿಂಹದ ಗರ್ಜನೆಯ ಧ್ವನಿಮುದ್ರಿಕೆ ಕೇಳಿಸಿದರು. ಗಂಡು ಸಿಂಹ ಹೆಣ್ಣಿಗಿಂತ ಹೆಚ್ಚು ಬಲಶಾಲಿ, ಒಂಟಿಯಾಗಿಯೇ ಆನೆಮರಿಯನ್ನು ಕೆಡವಬಲ್ಲದು. ಆದ್ದರಿಂದ ಗರ್ಜನೆ ಗಂಡಿನದೋ ಹೆಣ್ಣಿನದೋ ಎಂದು ತಿಳಿಯುವುದು ಹಿಂಡಿನ ಅಳಿವು ಉಳಿವಿನ ಪ್ರಶ್ನೆ. ಆ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸಿ ಹಿಂಡನ್ನು ಒಟ್ಟುಗೂಡಿಸಿ ನಿಂತದ್ದು ಅರವತ್ತು ದಾಟಿದ ಹಿರಿಯ ಹೆಣ್ಣಾನೆಗಳು. ಎಳೆಯ ನಾಯಕಿಯರಿಗೆ ಕಿವಿ ಚುರುಕಿದ್ದಿರಬಹುದು; ಕೇಳಿದ್ದರ ಅರ್ಥ ಹೊಳೆದದ್ದು ಮುದುಕಿಯರಿಗೆ. ಹೆಣ್ಣಾನೆಯ ಪ್ರಪಂಚದಲ್ಲಿ ಅರವತ್ತು ನಿವೃತ್ತಿಯ ವಯಸ್ಸಲ್ಲ, ನಾಯಕತ್ವ ಮಾಗುವ ವಯಸ್ಸು.

ಮನುಷ್ಯರಲ್ಲಿ ಅಜ್ಜಿಯ ಪಾತ್ರ ಇದಕ್ಕಿಂತ ದೊಡ್ಡದು. ಹೆರಿಗೆಯ ವಯಸ್ಸು ಮುಗಿದ ಮೇಲೂ ಹೆಂಗಸರು ದಶಕಗಳ ಕಾಲ ಬದುಕುವುದೇಕೆ ಎಂಬ ಪ್ರಶ್ನೆಗೆ ಕ್ರಿಸ್ಟನ್ ಹಾಕ್ಸ್ ಎಂಬ ಮಾನವಶಾಸ್ತ್ರಜ್ಞೆ ಟಾಂಜಾನಿಯಾದ ಹಾಡ್ಜಾ ಜನರ ನಡುವೆ ಉತ್ತರ ಹುಡುಕಿದರು. ಅಲ್ಲಿ ಗಟ್ಟಿ ನೆಲವನ್ನು ಅಗೆದು ಗೆಡ್ಡೆ ತಂದು ಮೊಮ್ಮಕ್ಕಳಿಗೆ ಉಣಿಸುತ್ತಿದ್ದವರು ಮುದುಕಿಯರು. ಅಜ್ಜಿಯರಿದ್ದುದರಿಂದಲೇ ಮನುಷ್ಯ ಕುಲ ದೀರ್ಘಾಯುಷಿಯಾಯಿತು ಎಂಬುದು ಅವರ ವಾದ. ನಮ್ಮ ಮಲೆನಾಡಿಗೆ ಬಂದರೆ ಈ ವಾದಕ್ಕೆ ಪುರಾವೆ ಮನೆಮನೆಯಲ್ಲೂ ಸಿಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವವರಲ್ಲಿ ಅರವತ್ತು ದಾಟಿದ ಹೆಂಗಸರೆಷ್ಟು! ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವಾಗ ಯಾವ ಎಳೆಯ ಮೇಲೆ ಯಾವ ಎಳೆ ಬರಬೇಕೆಂದು ಕಿರಿಯರಿಗೆ ತೋರಿಸಿಕೊಡುವವರೂ ಅವರೇ. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ, ಈಗ ಅಮೆರಿಕಕ್ಕೂ, ಉಪ್ಪಿನಕಾಯಿ ಜಾಡಿಯೊಂದಿಗೆ ಹೊರಡುವ ಅಜ್ಜಿಯಿಂದಾಗಿ ಎಷ್ಟೋ ತಾಯಂದಿರು ಕೆಲಸ ಬಿಡದೆ ಉಳಿದಿದ್ದಾರೆ. ಮಗುವನ್ನು ನೋಡಿಕೊಳ್ಳಲು ಆಯಾಳನ್ನು ನೇಮಿಸಿದರೆ ಆ ಸಂಬಳ ರಾಷ್ಟ್ರೀಯ ವರಮಾನಕ್ಕೆ ಸೇರುತ್ತದೆ. ಅದೇ ಕೆಲಸವನ್ನು ಅಜ್ಜಿ ಮಾಡಿದರೆ ಸೇರುವುದಿಲ್ಲ. ತಪ್ಪಿರುವುದು ಅಜ್ಜಿಯ ದುಡಿಮೆಯಲ್ಲಲ್ಲ, ನಮ್ಮ ಎಣಿಕೆಯಲ್ಲಿ.

ಇಳಿವಯಸ್ಸು ಕೊಡುವ ಇನ್ನೊಂದು ಸಂಪತ್ತು ಕಾಲ. ನಡುವಯಸ್ಸಿನವನ ಒಂದು ಗಂಟೆಗೆ ಮಾರುಕಟ್ಟೆಯಲ್ಲಿ ಬೆಲೆ ಇದೆ; ಆ ಗಂಟೆಯನ್ನು ಮೊಮ್ಮಗುವಿನ ಪ್ರಶ್ನೆಗೆ, ನೆರೆಯವರ ಕಷ್ಟಕ್ಕೆ, ಒಂದು ರಾಗದ ಅಭ್ಯಾಸಕ್ಕೆ ಕೊಟ್ಟರೆ ಏನನ್ನೋ ಕಳೆದುಕೊಂಡಂತೆ ಅವನಿಗೆ ಅನ್ನಿಸುತ್ತದೆ. ನಿವೃತ್ತನಿಗೆ ಆ ನಷ್ಟವಿಲ್ಲ. ಜೊತೆಗೆ ಬಡ್ತಿಯ ನಿರೀಕ್ಷೆ, ವರ್ಗಾವಣೆಯ ಭಯ, ಮೇಲಿನವರ ಮುಖ ನೋಡಿ ಮಾತಾಡುವ ಅಭ್ಯಾಸ ಇವೆಲ್ಲ ಕಳಚಿ ಬೀಳುತ್ತವೆ. ನಿಜವನ್ನು ಹೇಳಲು ತಗಲುವ ವೆಚ್ಚ ಕಡಿಮೆಯಾಗುತ್ತದೆ. ಪರಿಸರದ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತ ಶಿವರಾಮ ಕಾರಂತರಿಗೆ ಆಗ ಎಂಬತ್ತೇಳು. ಸೋಲು ಗೆಲುವಿನ ಹಂಗಿಲ್ಲದೆ ಒಂದು ವಿಷಯವನ್ನು ಜನರ ಮುಂದಿಡಲು ಆ ವಯಸ್ಸಿನ ಧೈರ್ಯವೇ ಬೇಕಾಯಿತು.

ಇಷ್ಟು ಹೇಳಿದ ಮೇಲೆ ಈ ಮಾತುಗಳಿಗೆ ಒಂದು ಮಿತಿ ಇದೆಯೆಂದೂ ಒಪ್ಪಬೇಕು. ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಹಲವು ದೇಶಗಳ ಅಂಕಿಅಂಶ ಪರಿಶೀಲಿಸಿ, ಬದುಕಿನ ತೃಪ್ತಿ ನಡುವಯಸ್ಸಿನಲ್ಲಿ ತಳ ಮುಟ್ಟಿ ಆಮೇಲೆ ಮತ್ತೆ ಏರುತ್ತದೆಂದು ಹೇಳಿದರು. ಕೇಳಲು ಹಿತವಾದ ಮಾತು. ಆದರೆ 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಗಸ್ ಡೀಟನ್ ಮತ್ತು ಸಹಲೇಖಕರು ಈ ಏರಿಕೆ ಮುಖ್ಯವಾಗಿ ಇಂಗ್ಲಿಷ್ ಮಾತನಾಡುವ ಶ್ರೀಮಂತ ದೇಶಗಳ ಚಿತ್ರವೆಂದು ತೋರಿಸಿದರು. ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳಲ್ಲಿ ವಯಸ್ಸಿನೊಂದಿಗೆ ತೃಪ್ತಿ ಇಳಿಯುತ್ತಲೇ ಹೋಗಿತ್ತು. ಅಂದರೆ ಮುಪ್ಪಿನ ಸಿಹಿ ತಾನಾಗಿ ಒದಗುವುದಿಲ್ಲ. ಕೈಯಲ್ಲಿ ಒಂದಿಷ್ಟು ಹಣ, ಹತ್ತಿರದಲ್ಲಿ ವೈದ್ಯ, ಮಾತಿಗೆ ಒಬ್ಬರು ಇವು ಇದ್ದರೆ ಮಾತ್ರ ವಯಸ್ಸು ಹಣ್ಣಾಗುತ್ತದೆ, ಇಲ್ಲದಿದ್ದರೆ ಬಾಡುತ್ತದೆ.

ಇದಕ್ಕೂ ಭದ್ರಾವತಿಯೇ ನಿದರ್ಶನ. ಎರಡು ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಆ ಊರಿನಲ್ಲಿ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತಿತು. ವಿಶ್ವೇಶ್ವರಯ್ಯನವರ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವೂ 2023ರ ಆರಂಭದಲ್ಲಿ ಹೊರಬಿದ್ದು, ಕಾರ್ಮಿಕರು ದೀರ್ಘ ಹೋರಾಟ ನಡೆಸಬೇಕಾಯಿತು. ಜೀವಮಾನವಿಡೀ ಕುಲುಮೆಯ ಮುಂದೆ ಬೆಂದವರಿಗೆ ಸಿಗುವ ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅಸಂಘಟಿತರ ಪಾಡು ಇದಕ್ಕಿಂತ ಭಿನ್ನವಲ್ಲ. ರಾಜ್ಯ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ ಪರಿಷ್ಕರಣೆಗಳ ನಂತರ 1,200 ರೂಪಾಯಿಗೆ ಬಂದಿದೆ. ಸರ್ಕಾರಿ ನಿವೃತ್ತರ ಪಿಂಚಣಿಗೆ ಬೆಲೆಯೇರಿಕೆಗೆ ತಕ್ಕಂತೆ ತುಟ್ಟಿಪರಿಹಾರ ಸೇರುತ್ತದೆ. ಅದೇ ಮಾರುಕಟ್ಟೆಯಲ್ಲಿ ಅದೇ ಅಕ್ಕಿ ಕೊಳ್ಳುವ ಕೂಲಿಕಾರ ವೃದ್ಧೆಯ ಮಾಸಾಶನಕ್ಕೆ ಸೇರುವುದಿಲ್ಲ. ನನ್ನಂಥ ಪಿಂಚಣಿದಾರರು ಮುಪ್ಪಿನ ಸೊಗಸನ್ನು ಹೊಗಳುವಾಗ ಈ ಅಂತರವನ್ನು ಮರೆಯುವುದು ಸಭ್ಯತೆಯಲ್ಲ.

ದಸರೆಯ ಆನೆ ಅರ್ಜುನನ ಕಥೆಯಲ್ಲಿ ಈ ವಿಷಯದ ಎರಡು ಮುಖಗಳೂ ಇವೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನನಿಗೆ ಅರವತ್ತು ದಾಟಿದ್ದರಿಂದ, ಆ ವಯಸ್ಸಿನ ಆನೆಯ ಮೇಲೆ ಭಾರ ಹೊರಿಸಬಾರದೆಂಬ ನಿಯಮದಂತೆ, 2020ರಲ್ಲಿ ಅಂಬಾರಿ ಅಭಿಮನ್ಯುವಿನ ಬೆನ್ನಿಗೆ ಹೋಯಿತು. ಹಿರಿಯರು ಭಾರ ಇಳಿಸಿ ಕಿರಿಯರಿಗೆ ದಾರಿ ಬಿಡುವುದು ಎಷ್ಟು ಚಂದ ಎಂಬುದಕ್ಕೆ ಅದೊಂದು ಮಾದರಿ. ಅಧಿಕಾರದ ಅಂಬಾರಿಯನ್ನು ಎಂಬತ್ತರಲ್ಲೂ ಇಳಿಸಲೊಲ್ಲದ ನಮ್ಮ ರಾಜಕಾರಣಿಗಳು, ಸಂಘ ಸಂಸ್ಥೆಗಳ ಶಾಶ್ವತ ಅಧ್ಯಕ್ಷರು ಅದನ್ನು ಗಮನಿಸಬೇಕಿತ್ತು. ಹಿರಿತನದ ಬೆಲೆ ಇರುವುದು ಸಲಹೆಯಲ್ಲಿ, ಹಟದಲ್ಲಲ್ಲ. ಆದರೆ ಅದೇ ಅರ್ಜುನನನ್ನು 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಾಡಿಗೆ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಒಯ್ಯಲಾಯಿತು. ಮದವೇರಿದ ಒಂಟಿ ಸಲಗದೊಂದಿಗಿನ ಕಾಳಗದಲ್ಲಿ ಅವನು ಸತ್ತ. ನಾಡು ಕಣ್ಣೀರಿಟ್ಟಿತು. ಅಂಬಾರಿ ಹೊರಲು ಹೆಚ್ಚಾಗಿದ್ದ ವಯಸ್ಸು ಸಲಗದೊಂದಿಗೆ ಸೆಣಸಲು ಹೆಚ್ಚಾಗಲಿಲ್ಲವೇ ಎಂಬ ಪ್ರಶ್ನೆ ಉಳಿಯಿತು. ಗೌರವದ ಹೆಸರಿನಲ್ಲಿ ಮೂಲೆಗೆ ಕೂರಿಸುವುದು, ಅಗತ್ಯ ಬಿದ್ದಾಗ ಮಿತಿಮೀರಿ ದುಡಿಸುವುದು, ಈ ಎರಡನ್ನೂ ನಾವು ಮನುಷ್ಯರ ವಿಷಯದಲ್ಲೂ ಮಾಡುತ್ತೇವೆ. ಸನ್ಮಾನದ ಶಾಲು ಹೊದೆಸಿದ ಕೈಯೇ ಮಾರನೆಯ ದಿನ ಎರಡು ಮಕ್ಕಳನ್ನೂ ಇಡೀ ಅಡುಗೆಮನೆಯನ್ನೂ ಎಪ್ಪತ್ತರ ತಾಯಿಗೆ ಒಪ್ಪಿಸಿ ಹೋಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ವೃದ್ಧಾಪ್ಯ ಮಾಸಾಶನವನ್ನು ಬೆಲೆಸೂಚ್ಯಂಕಕ್ಕೆ ಜೋಡಿಸುವುದು ಮೊದಲ ಕೆಲಸ. ಪ್ರತಿ ಬಜೆಟ್ಟಿನಲ್ಲೂ ಯಾರದೋ ಉದಾರತೆಗೆ ಕಾಯುವ ಸ್ಥಿತಿ ಆಗ ತಪ್ಪುತ್ತದೆ. ಎರಡನೆಯದು ಹಿರಿಯರ ತಿಳಿವಳಿಕೆಗೆ ಒಂದು ನಿಶ್ಚಿತ ಸ್ಥಳ. ನಿವೃತ್ತ ಶಿಕ್ಷಕರು, ಕಂಪೌಂಡರರು, ಕಾರ್ಖಾನೆಯ ಫಿಟ್ಟರರು, ಶಾನುಭೋಗಿಕೆಯ ಹಳೆಯ ಕಡತ ಓದಬಲ್ಲವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಸರ್ಕಾರಿ ಶಾಲೆಯಲ್ಲಿ, ಐಟಿಐಗಳಲ್ಲಿ ವಾರಕ್ಕೆ ಎರಡು ದಿನ ಅವರನ್ನು ಕೂರಿಸಲು ಹೆಚ್ಚಿನ ಹಣ ಬೇಕಾಗಿಲ್ಲ; ಕರೆಯುವ ಮನಸ್ಸು ಬೇಕು. ಮೂರನೆಯದು, ಮುದುಕರು ಮನೆಯಿಂದ ಹೊರಗೆ ಬರಬಹುದಾದಂಥ ಊರು. ಸಮತಟ್ಟಾದ ಪಾದಚಾರಿ ಮಾರ್ಗ, ಕೂರಲು ಕಲ್ಲುಬೆಂಚು, ಹತ್ತಲು ಸುಲಭವಾದ ಬಸ್ಸಿನ ಮೆಟ್ಟಿಲು, ಶುಚಿಯಾದ ಸಾರ್ವಜನಿಕ ಶೌಚಾಲಯ ಇವು ಸಣ್ಣ ಸಂಗತಿಗಳಾಗಿ ಕಾಣಬಹುದು. ಆದರೆ ಒಂಟಿತನ ನೀಗುವುದು ಇವುಗಳಿಂದಲೇ. 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಮಾತಿನ ಜೊತೆಯನ್ನು ಯಾವ ಕಾಯ್ದೆಯೂ ಕೊಡಿಸಲಾರದು.

ನಮ್ಮ ಹಿಂದಿನವರು ಜೀವನದ ಮೂರನೆಯ ಹಂತವನ್ನು ವಾನಪ್ರಸ್ಥವೆಂದು ಕರೆದು ಹಿರಿಯರಿಗೆ ಕಾಡಿನ ದಾರಿ ತೋರಿಸಿದರು. ಹೊಣೆಯನ್ನು ಕೈಬಿಡುವ ಆ ಆದರ್ಶದಲ್ಲಿ ಘನತೆಯಿದೆ. ಆದರೆ ಕಾಡು ಹಿರಿಯರಿಗೆ ಹೇಳಿಸಿದ ಜಾಗವಲ್ಲವೆಂಬುದನ್ನು ಕಾಡಿನ ಹುಲಿಯೇ ಹೇಳುತ್ತದೆ. ಈ ಕಾಲಕ್ಕೆ ಬೇಕಾಗಿರುವುದು ನಾಡಿನೊಳಗೇ ಇರುವ ವಾನಪ್ರಸ್ಥ: ಅಧಿಕಾರ ಬಿಟ್ಟು ಅಕ್ಕರೆ ಉಳಿಸಿಕೊಂಡು, ಕಿರಿಯರ ನಡುವೆಯೇ ಸ್ವಲ್ಪ ಸರಿದು ಕೂರುವುದು. ಆನೆಯ ಹಿಂಡಿನಂತೆ ಮುಂದೆ ಯಾವ ಗರ್ಜನೆ ಕೇಳಿಬಂದರೂ ಅದರ ಅರ್ಥವನ್ನು ಒಮ್ಮೆ ಹಿರಿಯರಲ್ಲಿ ಕೇಳುವಷ್ಟು ವ್ಯವಧಾನ ಕಿರಿಯರಿಗಿರಬೇಕು; ಕೇಳಿದಾಗ ಹೇಳಿ, ಕೇಳದಾಗ ಸುಮ್ಮನಿರುವಷ್ಟು ಹದ ಹಿರಿಯರಿಗಿರಬೇಕು. ಆಯುಷ್ಯಕ್ಕೆ ವರ್ಷಗಳನ್ನು ಕೂಡಿಸುವ ಕೆಲಸವನ್ನು ವೈದ್ಯವಿಜ್ಞಾನ ಬಹುಮಟ್ಟಿಗೆ ಮಾಡಿದೆ. ಆ ವರ್ಷಗಳು ಅರಳುವಂತೆ ನೋಡಿಕೊಳ್ಳುವ ಕೆಲಸ ನಮ್ಮ ನಿಮ್ಮೆಲ್ಲರದು.